ಮೋಲ್ಡಿಂಗ್ ಶ್ರಿಂಕೇಜ್ ಪ್ರಯೋಗಕ್ಕೆ ಯಾವ ಡಿಓಇ ಸಾಫ್ಟ್‌ವೇರ್, ಎಷ್ಟು ರನ್?

ಮೆಲ್ಟ್ ಟೆಂಪರೇಚರ್, ಮೋಲ್ಡ್ ಟೆಂಪರೇಚರ್, ಇಂಜೆಕ್ಷನ್ ಸ್ಪೀಡ್, ಹೋಲ್ಡಿಂಗ್ ಪ್ರೆಶರ್, ಕೂಲಿಂಗ್ ಟೈಮ್ ಈ ಐದನ್ನು ಎರಡೆರಡು ಮಟ್ಟದಲ್ಲಿ ಬದಲಿಸಿ ಶ್ರಿಂಕೇಜ್ (ಪ್ಲಾಸ್ಟಿಕ್ ಪೀಸ್ ತಣಿಯುವಾಗ ಕುಗ್ಗುವುದು) ತಗ್ಗಿಸಬೇಕು, ಈ ಡಿಓಇಗೆ (ಹಲವು ಅಂಶಗಳನ್ನು ಯೋಜನೆಯಂತೆ ಒಟ್ಟಿಗೆ ಬದಲಿಸಿ ನೋಡುವ ಪ್ರಯೋಗ ವಿನ್ಯಾಸ) ಮಿನಿಟ್ಯಾಬ್ ಒಳ್ಳೆಯದೋ ಜೆಎಂಪಿಯೋ ಎಂದು ಕೇಳಿದ್ದೀರಿ. ಈ ಕೆಲಸಕ್ಕೆ ಯಾವುದಾದರೂ ಸಾಕು. ಕೋಡ್ ಬರೆಯುವ ಅಭ್ಯಾಸವಿದ್ದರೆ ಉಚಿತವಾಗಿ ಸಿಗುವ ಆರ್ (R) ಭಾಷೆಯಲ್ಲಿ ಎಫ್‌ಆರ್‌ಎಫ್2 (FrF2) ಪ್ಯಾಕೇಜ್ ಇದೆ. ಪ್ರಯೋಗ ಕೆಡುವುದು ಸಾಫ್ಟ್‌ವೇರಿನಿಂದಲ್ಲ, ಮಷೀನಿನ ಹತ್ತಿರ ನಿಜಕ್ಕೂ ನಡೆದದ್ದನ್ನು ಅದಕ್ಕೆ ಹೇಳದೆ ಇರುವುದರಿಂದ.

ಪೂರ್ಣ ಫ್ಯಾಕ್ಟೋರಿಯಲ್‌ಗೆ, ಅಂದರೆ ಮಟ್ಟಗಳ ಎಲ್ಲ ಜೋಡಣೆಗಳನ್ನೂ ಮಾಡಿ ನೋಡಲು, 32 ರನ್ ಬೇಕು. ಅರ್ಧ ಫ್ರ್ಯಾಕ್ಷನ್, ಅಂದರೆ ರೆಸಲ್ಯೂಷನ್ 5ರ (ಮುಖ್ಯ ಪರಿಣಾಮಗಳೂ ಜೋಡಿ ಪರಿಣಾಮಗಳೂ ಪರಸ್ಪರ ಬೆರೆಯದ) 16 ರನ್ ತೆಗೆದುಕೊಳ್ಳಿ. ಜೊತೆಗೆ 4 ಸೆಂಟರ್ ಪಾಯಿಂಟ್ (ಎಲ್ಲ ಅಂಶಗಳೂ ನಡುವಿನ ಮಟ್ಟದಲ್ಲಿರುವ ರನ್). 8 ರನ್‌ನಲ್ಲಿ ಮುಗಿಸಲು ಹೋದರೆ ಮುಖ್ಯ ಪರಿಣಾಮಗಳು ಎರಡು ಅಂಶಗಳ ಇಂಟರ್‌ಆ್ಯಕ್ಷನ್ (ಒಂದರ ಪರಿಣಾಮ ಇನ್ನೊಂದರ ಮಟ್ಟವನ್ನು ಅವಲಂಬಿಸುವುದು) ಜೊತೆ ಬೆರೆತುಹೋಗುತ್ತವೆ, ಆಮೇಲೆ ಬಿಡಿಸಲಾಗದು.

ಅತಿ ಹೆಚ್ಚು ತಪ್ಪಾಗುವ ಜಾಗ ಮೋಲ್ಡ್ ಟೆಂಪರೇಚರ್. ಅದು ಸ್ಥಿರವಾಗಲು ಸಮಯ ಹಿಡಿಯುತ್ತದೆ, ಹಾಗಾಗಿ ಆಪರೇಟರ್ ರ‍್ಯಾಂಡಮ್ ಪಟ್ಟಿಯನ್ನು ಬದಿಗಿಟ್ಟು ತಣ್ಣನೆಯ ರನ್‌ಗಳನ್ನೆಲ್ಲ ಮೊದಲು, ಬಿಸಿಯವನ್ನು ಆಮೇಲೆ ಮಾಡಿಬಿಡುತ್ತಾರೆ. ಆಗ ನಡುವೆ ಮೆಟೀರಿಯಲ್ ಲಾಟ್ ಬದಲಾಗಿದ್ದರೂ ಅದರ ಪರಿಣಾಮ ಮೋಲ್ಡ್‌ನ ಲೆಕ್ಕಕ್ಕೆ ಸೇರುತ್ತದೆ. ಕಷ್ಟವೆನಿಸಿದರೆ ಮೊದಲೇ ಸ್ಪ್ಲಿಟ್-ಪ್ಲಾಟ್ (ಬದಲಿಸಲು ಕಷ್ಟವಾದ ಅಂಶವನ್ನು ಗುಂಪು ಗುಂಪಾಗಿ ಬದಲಿಸುವ ವಿನ್ಯಾಸ) ಆರಿಸಿ: ಜೆಎಂಪಿಯ ಕಸ್ಟಮ್ ಡಿಸೈನ್‌ನಲ್ಲಿ ಆ ಅಂಶದ ‘ಚೇಂಜಸ್’ ಕಾಲಮನ್ನು ‘ಹಾರ್ಡ್’ ಮಾಡಿ, ಮಿನಿಟ್ಯಾಬ್‌ನಲ್ಲೂ ಈ ಆಯ್ಕೆ ಇದೆ. ಪ್ರತಿ ಮಟ್ಟ ಕನಿಷ್ಠ ಎರಡು ಸಲ ಬರಲಿ, ಅಂದರೆ ನಾಲ್ಕು ಗುಂಪು. ಪ್ರತಿ ಗುಂಪಿಗೂ ಟೆಂಪರೇಚರನ್ನು ಹೊಸದಾಗಿ ಸೆಟ್ ಮಾಡಬೇಕು.

ಇನ್ನೊಂದು. ಒಂದೇ ಸೆಟ್ಟಿಂಗ್‌ನಲ್ಲಿ ಸಾಲಾಗಿ ತೆಗೆದ 5 ಪೀಸ್ ರೆಪ್ಲಿಕೇಟ್ (ಸೆಟ್ಟಿಂಗ್ ಹೊಸದಾಗಿ ಮಾಡಿ ಪುನರಾವರ್ತಿಸಿದ ರನ್) ಅಲ್ಲ. ಅವನ್ನು 5 ಸಾಲುಗಳಾಗಿ ತುಂಬಿದರೆ 16 ರನ್ 80 ಸಾಲಾಗುತ್ತದೆ, ದೋಷದ ಅಂದಾಜು ಕುಗ್ಗಿ ಸಣ್ಣಪುಟ್ಟದ್ದೆಲ್ಲ ಮಹತ್ವದ್ದಾಗಿ ಕಾಣುತ್ತದೆ. ಆ 5 ಪೀಸ್‌ಗಳ ಸರಾಸರಿಯನ್ನು ಒಂದು ರೆಸ್ಪಾನ್ಸ್ (ಅಳೆದ ಫಲ) ಆಗಿ, ಸ್ಟ್ಯಾಂಡರ್ಡ್ ಡೀವಿಯೇಷನ್‌ನ ಲಾಗ್ ಅನ್ನು ಇನ್ನೊಂದಾಗಿ ಹಾಕಿ. ಸೆಟ್ಟಿಂಗ್ ಬದಲಿಸಿದ ಮೇಲೆ ಪ್ರಕ್ರಿಯೆ ಸ್ಥಿರವಾಗುವವರೆಗಿನ ಶಾಟ್‌ಗಳನ್ನು ಬಿಸಾಡಿ, ಎಲ್ಲ ಪೀಸ್‌ಗಳನ್ನೂ ಮೋಲ್ಡ್‌ನಿಂದ ಬಂದ ಅಷ್ಟೇ ಹೊತ್ತಿನ ನಂತರ, ಉದಾಹರಣೆಗೆ 24 ಗಂಟೆಗೆ, ಅಳೆಯಿರಿ.

ಸೆಂಟರ್ ಪಾಯಿಂಟ್ ಇಲ್ಲದ ಸಾಮಾನ್ಯ 16 ರನ್ ವಿನ್ಯಾಸದಲ್ಲಿ ಪಿ-ವ್ಯಾಲ್ಯೂ (ಪರಿಣಾಮ ಬರೀ ಆಕಸ್ಮಿಕವೇ ಎಂದು ತೂಗಲು ನೋಡುವ ಸಂಖ್ಯೆ) ಜಾಗ ಖಾಲಿ ಬಂದರೆ ಗಾಬರಿ ಬೇಡ. ಸರಾಸರಿ 1, ಮುಖ್ಯ ಪರಿಣಾಮ 5, ಜೋಡಿ ಇಂಟರ್‌ಆ್ಯಕ್ಷನ್ 10: ಹದಿನಾರೂ ಖರ್ಚಾಗಿವೆ, ದೋಷ ಅಳೆಯಲು ಏನೂ ಉಳಿದಿಲ್ಲ. ಹಾಫ್-ನಾರ್ಮಲ್ ಪ್ಲಾಟ್‌ನಲ್ಲಿ (ಪರಿಣಾಮಗಳನ್ನು ಗಾತ್ರದ ಕ್ರಮದಲ್ಲಿ ಗುರುತಿಸುವ ನಕ್ಷೆ) ಗೆರೆಯಿಂದ ದೂರ ನಿಂತವನ್ನು ಉಳಿಸಿ, ಉಳಿದವನ್ನು ತೆಗೆದು ಮತ್ತೆ ಫಿಟ್ ಮಾಡಿ. ರೆಸಿಡ್ಯುವಲ್‌ಗಳನ್ನು (ಅಳತೆಗೂ ಮಾಡೆಲ್‌ನ ಅಂದಾಜಿಗೂ ಇರುವ ವ್ಯತ್ಯಾಸ) ರನ್ ಮಾಡಿದ ಕ್ರಮದಲ್ಲೇ ನೋಡಿ. ಏರುತ್ತಲೋ ಇಳಿಯುತ್ತಲೋ ಹೋದರೆ ಮಷೀನ್ ಡ್ರಿಫ್ಟ್ ಆಗಿರಬಹುದು.

ಸಿಕ್ಕ ಸೆಟ್ಟಿಂಗ್‌ನಲ್ಲಿ ಕೆಲವು ಕನ್ಫರ್ಮೇಷನ್ ರನ್ ಮಾಡಿ, ಫಲ ಪ್ರೆಡಿಕ್ಷನ್ ಇಂಟರ್ವಲ್, ಅಂದರೆ ಹೊಸ ರನ್‌ನ ಫಲ ಬೀಳಬೇಕಾದ ವ್ಯಾಪ್ತಿಯ ಒಳಗೆ ಬಿತ್ತೇ ನೋಡಿ (ಸರಾಸರಿಯ ವ್ಯಾಪ್ತಿಯಾದ ಕಾನ್ಫಿಡೆನ್ಸ್ ಇಂಟರ್ವಲ್ ಅಲ್ಲ). ಸೆಂಟರ್ ಪಾಯಿಂಟ್‌ಗಳು ವಕ್ರತೆ ತೋರಿಸಿದ್ದರೆ ಹಳೆಯ ರನ್‌ಗಳನ್ನು ಬಿಡಬೇಡಿ. 10 ಆಕ್ಸಿಯಲ್ ಪಾಯಿಂಟ್ (ಒಂದೇ ಅಂಶವನ್ನು ಬದಲಿಸಿ ಉಳಿದವನ್ನು ನಡುವಿನ ಮಟ್ಟದಲ್ಲಿಟ್ಟ ರನ್) ಮತ್ತು ಹೊಸ ಬ್ಲಾಕ್‌ಗೆ ಇನ್ನಷ್ಟು ಸೆಂಟರ್ ಪಾಯಿಂಟ್ ಸೇರಿಸಿದರೆ ಅದೇ ಸೆಂಟ್ರಲ್ ಕಾಂಪೊಸಿಟ್ ಡಿಸೈನ್ (ವಕ್ರತೆಯನ್ನೂ ಅಂದಾಜಿಸಬಲ್ಲ ವಿನ್ಯಾಸ) ಆಗುತ್ತದೆ.