ಅಂಗಡಿ ಬಾಗಿಲಲ್ಲಿ ‘ಪಿಸ್ತೂಲು ತರಬೇಡಿ’ ಬೋರ್ಡ್ ಯಾಕೆ?

ಪ್ರಶ್ನೆ: ಮಗನ ಮನೆಗೆಂದು ಅಮೆರಿಕದ ಟೆಕ್ಸಾಸ್‌ಗೆ ಹೋಗಿದ್ದೆವು. ಅಲ್ಲಿ ಬಂದೂಕು ಇಟ್ಟುಕೊಳ್ಳುವುದು ಹಕ್ಕು ಅಂತಾರೆ. ಆದರೆ ದಿನಸಿ ಅಂಗಡಿಯ ಬಾಗಿಲಲ್ಲೇ ಪಿಸ್ತೂಲು ತರಬೇಡಿ ಅಂತ ಉದ್ದದ ಬೋರ್ಡ್! ನಾವು ಕೊಡಗಿನವರು, ಕೈಲ್‌ಪೊಳ್ದ್ ದಿನ ಮನೆಯ ಕೋವಿಗೆ ಪೂಜೆ ಮಾಡುವವರು. ಹಕ್ಕು ಅಂದ ಮೇಲೆ ಅಂಗಡಿಯವನು ಬೇಡ ಅನ್ನೋದು ಹೇಗೆ? ಕೊಲ್ಲಲೆಂದೇ ಬರುವವನು ಬೋರ್ಡ್ ಓದಿ ವಾಪಸ್ ಹೋಗ್ತಾನಾ?
— ಓದುಗರೊಬ್ಬರು, ವಿರಾಜಪೇಟೆ

ಉತ್ತರ: ಹೋಗಲ್ಲ. ಅಂಗಡಿಯವನಿಗೂ ಅದು ಗೊತ್ತು. ಬೋರ್ಡ್ ಇರುವುದು ಕೊಲೆಗಾರನಿಗಲ್ಲ, ಉಳಿದವರಿಗೆ.

ಮೊದಲು ಹಕ್ಕಿನ ಮಾತು. ಬಂದೂಕು ಇಟ್ಟುಕೊಳ್ಳುವ ಹಕ್ಕು ಕೊಡುವ ಅಮೆರಿಕದ ಸಂವಿಧಾನದ 2ನೇ ತಿದ್ದುಪಡಿ ಕಟ್ಟಿಹಾಕುವುದು ಸರ್ಕಾರವನ್ನು, ಅಂಗಡಿ ಮಾಲೀಕನನ್ನಲ್ಲ. ಕೊಡವರಿಗೆ ಕೋವಿ ಲೈಸೆನ್ಸ್‌ನಿಂದ ವಿನಾಯಿತಿ ಇದೆ, ಸರಿ. ಹಾಗಂತ ನೀವು ಕೋವಿ ಹೆಗಲಿಗೇರಿಸಿಕೊಂಡು ನಮ್ಮನೆ ಊಟಕ್ಕೆ ಬಂದರೆ, ಅದನ್ನು ಹೊರಗಿಟ್ಟು ಬನ್ನಿ ಅನ್ನಬಹುದು ತಾನೇ?

ಇನ್ನು ಕಾರಣ. 2019ರ ಆಗಸ್ಟ್ 3ರಂದು ಟೆಕ್ಸಾಸ್‌ನ ಎಲ್ ಪಾಸೊ ಊರಿನಲ್ಲಿ, ವಾಲ್‌ಮಾರ್ಟ್ ಅನ್ನೋ ಅಂಗಡಿ ಸರಣಿಯ ಮಳಿಗೆಯಲ್ಲಿ ಒಬ್ಬ ಗುಂಡು ಹಾರಿಸಿದ, 23 ಜನ ಸತ್ತರು. ಐದೇ ದಿನಕ್ಕೆ ಮಿಸೌರಿಯ ಸ್ಪ್ರಿಂಗ್‌ಫೀಲ್ಡ್‌ನ ವಾಲ್‌ಮಾರ್ಟ್‌ಗೆ ಇನ್ನೊಬ್ಬ ಯುವಕ ರೈಫಲ್ ಹಿಡಿದು, ಗುಂಡು ತಡೆಯುವ ಕವಚ ತೊಟ್ಟು ನಡೆದುಬಂದ. ಗುಂಡೇನೂ ಹಾರಿಸಲಿಲ್ಲ, ನನ್ನ ಹಕ್ಕನ್ನು ಪರೀಕ್ಷೆ ಮಾಡ್ತಿದ್ದೆ ಅಂದ! ಆದರೆ ಜನ ದಿಕ್ಕಾಪಾಲಾಗಿ ಓಡಿದರು, ಮ್ಯಾನೇಜರ್ ಬೆಂಕಿ ಅಲಾರಂ ಎಳೆದರು. ಈಗ ಕ್ಯಾಶ್ ಕೌಂಟರಿನಲ್ಲಿ ಕೂತ ಹುಡುಗಿಯ ಜಾಗದಲ್ಲಿ ನಿಂತು ನೋಡಿ. ರೈಫಲ್ ಹಿಡಿದು ಬಂದವನು ಹಾಲು ಬ್ರೆಡ್ ತಗೊಳ್ಳೋಕೆ ಬಂದನೋ, ಕೊಲ್ಲೋಕೋ ಅಂತ ಅವಳಿಗೆ ಹೇಗೆ ಗೊತ್ತಾಗಬೇಕು? ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತೆ. ಆ ಸೆಪ್ಟೆಂಬರ್‌ನಲ್ಲಿ ವಾಲ್‌ಮಾರ್ಟ್, ಬಂದೂಕನ್ನು ಕಾಣುವಂತೆ ತರಬೇಡಿ ಅಂತ ಗ್ರಾಹಕರನ್ನು ಕೇಳಿಕೊಂಡಿತು.

‘ಕೇಳಿಕೊಂಡಿತು’, ನಿಷೇಧಿಸಲಿಲ್ಲ. ನನಗೆ ಕುತೂಹಲ ಅನ್ನಿಸೋದೇ ಇದು. 2013ರಲ್ಲಿ ಕಾಫಿ ಅಂಗಡಿಗಳ ಕಂಪನಿ ಸ್ಟಾರ್‌ಬಕ್ಸ್‌ನ ಮುಖ್ಯಸ್ಥ ಹೊವಾರ್ಡ್ ಶುಲ್ಟ್ಸ್ ಕೂಡ ಬಹಿರಂಗ ಪತ್ರ ಬರೆದು ಬರೀ ವಿನಂತಿ ಮಾಡಿದ್ದರು. ನಿಷೇಧ ಅಂದರೆ ಅದನ್ನು ಜಾರಿ ಮಾಡೋರು ಯಾರು? ಕಾಫಿ ಮಾಡುವ ಹುಡುಗ ಬಂದೂಕುಧಾರಿಯ ಎದುರು ನಿಂತು ‘ಹೊರಗೆ ಹೋಗಿ’ ಅನ್ನಬೇಕಾಗುತ್ತೆ, ಅದು ಬೇಡ ಅಂತ ಅವರೇ ಹೇಳಿದ್ದರು. ಬಂದೂಕು ಪ್ರಿಯರನ್ನು ಪೂರ್ತಿ ಎದುರು ಹಾಕಿಕೊಂಡರೆ ವ್ಯಾಪಾರಕ್ಕೂ ಪೆಟ್ಟು, ಅದೂ ಇದೆ ಬಿಡಿ.

ನೀವು ಕಂಡ ಬೋರ್ಡ್ ಮಾತ್ರ ವಿನಂತಿಯಲ್ಲ. ಟೆಕ್ಸಾಸ್‌ನಲ್ಲಿ ಅದರ ಪದಗಳನ್ನು ಕಾನೂನೇ ಗೊತ್ತು ಮಾಡಿದೆ. ಇಂಗ್ಲಿಷ್, ಸ್ಪ್ಯಾನಿಷ್ ಎರಡರಲ್ಲೂ ಇರಬೇಕು, ಅಕ್ಷರ ಕನಿಷ್ಠ ಒಂದು ಇಂಚು ಎತ್ತರ ಇರಬೇಕು. ಅದಕ್ಕೇ ಅಷ್ಟು ಉದ್ದ! ಬೋರ್ಡ್ ನೋಡಿಯೂ ಲೈಸೆನ್ಸ್‌ದಾರ ಪಿಸ್ತೂಲು ತಂದರೆ 200 ಡಾಲರ್‌ವರೆಗೆ ದಂಡ. ಬಾಯಿಬಿಟ್ಟು ಹೇಳಿದ ಮೇಲೂ ಹೋಗದಿದ್ದರೆ ಒಂದು ವರ್ಷದವರೆಗೆ ಜೈಲೂ ಆಗಬಹುದು. ಅಂದರೆ ಅಂಗಡಿಯವನು ಜಗಳಕ್ಕಿಳಿಯದೆ ಪೊಲೀಸರಿಗೆ ಫೋನ್ ಮಾಡಿದರೆ ಸಾಕು. ಬಾರ್‌ಗಳದ್ದು ಬೇರೆಯೇ ಲೆಕ್ಕ: ಆದಾಯದಲ್ಲಿ ಶೇ 51ರಷ್ಟು ಅಥವಾ ಜಾಸ್ತಿ ಅಲ್ಲೇ ಕುಡಿಯುವ ಮದ್ಯದಿಂದ ಬರುತ್ತಿದ್ದರೆ ಪಿಸ್ತೂಲು ಬೇಡ ಅಂತ ಕಾನೂನೇ ಹೇಳುತ್ತೆ. ಕುಡಿದವರ ಕೈಗೆ ಬಂದೂಕು ಯಾಕೆ ಬೇಡ ಅಂತ ನಿಮಗೆ ನಾನು ಹೇಳಬೇಕಾ?

ಇದಕ್ಕೆ ವಿರೋಧವೂ ಇದೆ. ಒಳ್ಳೆಯವರ ಕೈ ಖಾಲಿ ಮಾಡಿದರೆ ಕೆಟ್ಟವನಿಗೆ ಸಲೀಸು ಅನ್ನುವವರು ಅಲ್ಲಿ ಬಹಳ ಜನ. ಸುಮ್ನೆ ತಳ್ಳಿಹಾಕುವ ಮಾತಲ್ಲ. ಸ್ಪ್ರಿಂಗ್‌ಫೀಲ್ಡ್‌ನ ಆ ಯುವಕನನ್ನು ಪೊಲೀಸರು ಬರುವವರೆಗೆ ತಡೆದು ನಿಲ್ಲಿಸಿದವನ ಕೈಯಲ್ಲೂ ಬಂದೂಕು ಇತ್ತು. ಆದರೂ ನನ್ನ ಒಲವು ಅಂಗಡಿಯವನ ಕಡೆಗೇ. ಯಾರು ಒಳ್ಳೆಯವರು ಅಂತ ಮುಖ ನೋಡಿ ಹೇಳುವ ಕೆಲಸ ಅವನದ್ದಲ್ಲ.

ಅಂದಹಾಗೆ, ಮುಂದಿನ ಸಲ ಹೋದಾಗ ಬೋರ್ಡಿನಲ್ಲಿರುವ ಕಾನೂನಿನ ಸೆಕ್ಷನ್ ನಂಬರ್ ನೋಡಿ. 30.06 ಅಂತಿದ್ದರೆ ಲೈಸೆನ್ಸ್‌ದಾರರು ಬಚ್ಚಿಟ್ಟುಕೊಂಡು ತರುವಂತಿಲ್ಲ, 30.07 ಅಂತಿದ್ದರೆ ಕಾಣುವಂತೆ ತರುವಂತಿಲ್ಲ. ಬರೀ 30.07 ಇದ್ದರೆ, ಅಂಗಿಯೊಳಗೆ ಪಿಸ್ತೂಲು ಇಟ್ಟುಕೊಂಡವನು ನಿಮ್ಮ ಪಕ್ಕದಲ್ಲೇ ನಿಂತು ಟೊಮ್ಯಾಟೊ ಆರಿಸುತ್ತಿರಬಹುದು.