ಮನೆಯಲ್ಲಿ ಕಟ್ಟಿದ ರೇಸಿಂಗ್ ರಿಗ್‌ಗೆ ಮೋಷನ್ ಸೇರಿಸುವ ಮೊದಲು ಏನು ಮಾಡಬೇಕು?

ರೇಸಿಂಗ್ ಗೇಮ್ ಆಡಲು ಸೀಟ್, ಸ್ಟೀರಿಂಗ್, ಪೆಡಲ್ ಕೂರಿಸಿದ ರಿಗ್‌ಗೆ ಮರದ ಫ್ರೇಮ್ ಇದೆ, ಗೇಮಿನ ಕಾರಿನಂತೆ ಅದನ್ನು ಅಲುಗಾಡಿಸಲು (ಅದೇ ಮೋಷನ್) ಮೊದಲು ಮೋಟರ್ ತಗೊಳ್ಳಲಾ ಫ್ರೇಮ್ ಬದಲಾಯಿಸಲಾ ಅಂತ ಕೇಳಿದ್ದೀರಿ. ಫ್ರೇಮೇ ಮೊದಲು. ಬ್ರೇಕ್ ಜೋರಾಗಿ ಒತ್ತಿದಾಗ ಪೆಡಲ್ ಪ್ಲೇಟ್ ಬಾಗುತ್ತಿದ್ದರೆ, ಮೋಟರ್ ಕೂರಿಸಿದ ಮೇಲೆ ಅಲುಗಾಟ ಇನ್ನೂ ಜಾಸ್ತಿ ಆಗುತ್ತದೆ, ಬೋಲ್ಟ್‌ಗಳೂ ಸಡಿಲವಾಗುತ್ತವೆ. 40×80 ಮಿ.ಮೀ. ಅಲ್ಯೂಮಿನಿಯಂ ಪ್ರೊಫೈಲ್ (ಉದ್ದಕ್ಕೂ ಸೀಳು ಇರುವ ಕಂಬಿ) ಹಾಕಿ. ಮುಂದೆ ಏನು ಸೇರಿಸಿದರೂ ಆ ಸೀಳಿನಲ್ಲಿ ಕೂರುವ ಟಿ-ನಟ್‌ನಲ್ಲೇ ಕೆಲಸ ಮುಗಿಯುತ್ತದೆ.

ಆಮೇಲೆ, ಸೀಟ್ ಮಾತ್ರ ಅಲುಗಾಡಬೇಕಾ, ಇಡೀ ರಿಗ್ಗಾ? ಸೀಟ್ ಮಾತ್ರ ಆದರೆ ಎರಡು ಕಾರ್ ವೈಪರ್ ಮೋಟರ್, ಅವಕ್ಕೆ ಪವರ್ ಹಾಯಿಸುವ ಡ್ರೈವರ್ ಬೋರ್ಡ್, ಎಲ್ಲವನ್ನೂ ನಿಯಂತ್ರಿಸೋಕೆ ಒಂದು ಆರ್ಡುಯಿನೋ (ಚಿಕ್ಕ ಕಂಟ್ರೋಲರ್ ಬೋರ್ಡ್), ಮೋಟರ್ ಎಷ್ಟು ತಿರುಗಿದೆ ಅಂತ ತಿಳಿಸೋಕೆ ಪೊಟೆನ್ಶಿಯೋಮೀಟರ್‌ಗಳು, ಒಳ್ಳೆ ಪವರ್ ಸಪ್ಲೈ ಇದ್ದರೆ ಶುರು ಮಾಡಬಹುದು. ಆದರೆ ಸೀಟ್ ವಾಲಿದಾಗ ಪೆಡಲ್ ಇದ್ದಲ್ಲೇ ಇರುತ್ತದೆ, ಕಾಲಿನ ಅಳತೆ ತಪ್ಪುತ್ತದೆ, ಅಲ್ವಾ? ಅದಕ್ಕೇ ನನಗೆ ಇಡೀ ರಿಗ್ ಅಲುಗಾಡುವುದೇ ಇಷ್ಟ. ಅದಕ್ಕೆ ನಾಲ್ಕು ಮೂಲೆಗೂ ಸರ್ವೋ ಮೋಟರ್ ಇರುವ ಲೀನಿಯರ್ ಆಕ್ಚುಯೇಟರ್ (ನೇರವಾಗಿ ಮೇಲೆ ಕೆಳಗೆ ಎತ್ತಿಳಿಸುವ ಸಾಧನ) ಬೇಕು, ಖರ್ಚು ಜಾಸ್ತಿ. ಮನೆಯಲ್ಲೇ ಕಟ್ಟಲು ಎಸ್‌ಎಫ್‌ಎಕ್ಸ್-100 ಡಿಸೈನ್ ಇದೆ, ಅದರ ಹಲವು ಭಾಗಗಳನ್ನು 3ಡಿ ಪ್ರಿಂಟ್ ಮಾಡಿಕೊಳ್ಳಬಹುದು.

ಮಧ್ಯದಲ್ಲಿ ಪಿವಟ್ (ವಾಲಲು ಆಧಾರವಾಗುವ ಕೀಲು) ಇಡುವುದಾದರೆ, ನೀವು ಕೂತಾಗ ಒಟ್ಟು ತೂಕದ ಕೇಂದ್ರ ಪಿವಟ್‌ಗೆ ಹತ್ತಿರ ಬರಲಿ, ಇಲ್ಲದಿದ್ದರೆ ಮೋಟರ್ ಸುಮ್ನೆ ನಿಮ್ಮನ್ನು ಹೊತ್ತುಕೊಂಡೇ ಬಿಸಿಯಾಗುತ್ತದೆ.

ಮೋಟರ್ ಓಡಿಸುವ ಸಾಫ್ಟ್‌ವೇರ್‌ನಲ್ಲಿ ಚಲನೆ ಕಡಿಮೆ ಇಟ್ಟು ಶುರು ಮಾಡಿ. ದೊಡ್ಡ ವಾಲಾಟಕ್ಕಿಂತ ಚಿಕ್ಕದಾಗಿ ತಕ್ಷಣ ಬರುವ ಚಲನೆಯೇ ಕಾರಿನ ಹಿಡಿತ ತಪ್ಪುವುದನ್ನು ಚೆನ್ನಾಗಿ ತಿಳಿಸುತ್ತದೆ. ಎಮರ್ಜೆನ್ಸಿ ಸ್ಟಾಪ್ ಬಟನ್ ಮಾತ್ರ ಕೈಗೆ ಸಿಗುವಂತೆ ಮೊದಲ ದಿನವೇ ಹಾಕಿ, ಅದು ಮೋಟರ್‌ನ ಪವರನ್ನೇ ಕತ್ತರಿಸಬೇಕು.