ಮೇಜಿನ ತುದಿಪಟ್ಟಿ: ನಡುವೆ ಬಿಗಿ, ಅಂಚಲ್ಲಿ ಸಡಿಲ

ಅಣ್ಣ, ಮೂಡಿಗೆರೆಯಿಂದ ನೀವು ಹಾಕಿರೋ ಫೋಟೋ ನೋಡಿದೆ. ತೋಟದ ಸಿಲ್ವರ್ ಓಕ್ ಹಲಗೆ ಜೋಡಿಸಿ ಮೂರಡಿ ಅಗಲದ ಊಟದ ಮೇಜು ಮಾಡಿದ್ದೀರಿ. ಎರಡೂ ತುದಿಗೆ ಅಡ್ಡಪಟ್ಟಿ, ಅದೇ ಬ್ರೆಡ್‌ಬೋರ್ಡ್ ಎಂಡ್ ಅಂತಾರಲ್ಲ, ಅದನ್ನ ಉದ್ದಕ್ಕೂ ಫೆವಿಕಾಲ್ ಬಳಿದು ನಾಲ್ಕು ಸ್ಕ್ರೂ ಬಿಗಿದರೆ ಸಾಕಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಹಾಗೆ ಮಾಡಿ ಕೈ ಸುಟ್ಟುಕೊಂಡವನು ನಾನು.

ಸಕಲೇಶಪುರದ ನಮ್ಮನೆಗೆ ಅಂಥದ್ದೇ ಮೇಜು ಮಾಡಿದ್ದೆ, ಆಗಸ್ಟ್‌ನಲ್ಲಿ, ಮಳೆ ಬಿಡದ ವಾರ. ಪಟ್ಟಿಯ ಅಂಚು, ಹಲಗೆಯ ಅಂಚು ಎರಡೂ ಉಗುರಿಗೆ ಸಿಕ್ಕದಷ್ಟು ಸಮ. ಫೆಬ್ರವರಿಯಲ್ಲಿ ಒಂದು ರಾತ್ರಿ ಪಟ್ ಅಂತ ಸದ್ದಾಯ್ತು, ಮನೆಯವಳು ಇಲಿ ಅಂದಳು. ಬೆಳಿಗ್ಗೆ ನೋಡಿದರೆ ತುದಿಯಿಂದ ಒಂದಡಿ ಒಳಕ್ಕೆ ಸೀಳು, ಎಟಿಎಂ ಕಾರ್ಡ್ ತೂರುವಷ್ಟು. ಗಮ್ ಬಿಟ್ಟಿರಲಿಲ್ಲ, ಅದರ ಪಕ್ಕದ ಮರವೇ ಹರಿದಿತ್ತು.

ಮರ ಉದ್ದಕ್ಕೆ ಅಲುಗೋದು ಇಲ್ಲವೆನ್ನುವಷ್ಟು ಕಮ್ಮಿ. ಅಗಲಕ್ಕೆ ಮಾತ್ರ ಹಿಗ್ಗಿ ಕುಗ್ಗುತ್ತಲೇ ಇರುತ್ತೆ. ಮೇಜಿನ ಅಗಲ ಪಟ್ಟಿಗೆ ಉದ್ದ, ಜಗಳ ಇರೋದೇ ಅಲ್ಲಿ. ಕಮ್ಮಿ ಅಲುಗೋ ಮರ ಅಂತ ಹೆಸರಾದ ತೇಗ ಕೂಡ ಮೂರಡಿ ಅಗಲದಲ್ಲಿ, ತೇವಾಂಶ 4 ಪರ್ಸೆಂಟ್ ಇಳಿದರೆ, ದಿಮ್ಮಿಯಿಂದ ಹಲಗೆ ಕೊಯ್ದ ರೀತಿ ನೋಡಿಕೊಂಡು ಕಾಲಿಂಚಿನವರೆಗೆ ಕುಗ್ಗುತ್ತೆ. ನಮ್ಮ ಮಲೆನಾಡಿನಲ್ಲಿ ಜುಲೈಗೂ ಮಾರ್ಚ್‌ಗೂ ಮರದ ತೇವಾಂಶದಲ್ಲಿ ಅಷ್ಟು ವ್ಯತ್ಯಾಸ ಆಗೋದು ದೊಡ್ಡ ಮಾತಲ್ಲ.

ಪಟ್ಟಿಯ ಕೆಲಸ ಹಲಗೆ ಡೊಂಕಾಗದಂತೆ ನೋಡಿಕೊಳ್ಳೋದು, ಅಗಲವನ್ನ ಹಿಡಿದಿಡೋದಲ್ಲ. ಒಂದೂಕಾಲು ಇಂಚು ದಪ್ಪದ ಹಲಗೆಯಾದರೆ ಅದರ ತುದಿಯಲ್ಲಿ ಮೂರನೇ ಒಂದು ಭಾಗ ದಪ್ಪದ ನಾಲಿಗೆ, ಅಂದರೆ ಪಟ್ಟಿಯೊಳಗೆ ಕೂರೋ ತೆಳು ಚಾಚು, ಬಿಡಿ. ಉದ್ದಕ್ಕೂ ಅರ್ಧ ಇಂಚು ಹೊರಚಾಚಲಿ. ನಡುವೆ ಒಂದು, ಎರಡು ಬದಿಗೆ ಒಂದೊಂದು ಕಡೆ ಮಾತ್ರ ಎರಡು ಇಂಚಿನಷ್ಟು ಹೊರಚಾಚುವಂತೆ ಉಳಿಸಿ. ಪಟ್ಟಿಯಲ್ಲಿ ಅದಕ್ಕೆ ತಕ್ಕ ಗ್ರೂವ್, ಮೂರು ಆಳದ ತೂತು. ಪಟ್ಟಿಗೆ ಎಳೆ ನೇರ ಇರೋ ತುಂಡನ್ನೇ ಆರಿಸಿ.

ನಡುವಿನ ನಾಲಿಗೆ ಬಿಗಿಯಾಗಿ ಕೂರಲಿ, ಗಮ್ ಅಲ್ಲಿ ನಾಲ್ಕೈದು ಇಂಚಿಗೆ ಮಾತ್ರ. ಪಟ್ಟಿಯಲ್ಲಿ ಬಿದಿರಿನ ಆಣಿಗೆ ತೂತು ಕೊರೆದು, ಪಟ್ಟಿ ಕೂರಿಸಿ, ಆ ತೂತಿನ ಗುರುತನ್ನ ನಾಲಿಗೆ ಮೇಲೆ ಹಾಕಿ, ಪಟ್ಟಿ ಕಳಚಿ, ನಾಲಿಗೆಯ ತೂತನ್ನ ಗುರುತಿಗಿಂತ ಅರ್ಧ ಮಿಲಿಮೀಟರ್ ಹಲಗೆಯ ಕಡೆಗೆ ಸರಿಸಿ ಕೊರೆಯಿರಿ. ಆಣಿ ಹೊಡೆದಾಗ ಪಟ್ಟಿ ತಾನೇ ಹಲಗೆಗೆ ಎಳೆದುಕೊಳ್ಳುತ್ತೆ, ಕ್ಲಾಂಪ್ ಕೂಡ ಬೇಕಾಗಲ್ಲ.

ಬದಿಯ ನಾಲಿಗೆಗಳ ತೂತನ್ನ ಮೇಜಿನ ಅಗಲದ ದಿಕ್ಕಿಗೆ ಉದ್ದ ಮಾಡಬೇಕು. ಯಾವ ಕಡೆಗೆ ಅನ್ನೋದನ್ನ ಹೆಚ್ಚಿನವರು ಯೋಚಿಸಲ್ಲ. ನೀವು ಮಳೆಗಾಲದಲ್ಲಿ ಮಾಡುತ್ತಿದ್ದರೆ ಹಲಗೆ ಈಗ ಉಬ್ಬಿರುತ್ತೆ, ಮುಂದೆ ಕುಗ್ಗುತ್ತೆ. ಹಾಗಾಗಿ ಆಣಿಯಿಂದ ಮೇಜಿನ ಅಂಚಿನ ಕಡೆಗೆ ಜಾಗ ಬಿಡಿ, ಪಟ್ಟಿಯ ಆಳದ ತೂತಿನಲ್ಲಿ ನಡುವಿನ ಕಡೆಗೆ ಜಾಗ ಬಿಡಿ. ಮಾರ್ಚ್, ಏಪ್ರಿಲ್‌ನಲ್ಲಾದರೆ ಎರಡೂ ತಿರುಗುಮುರುಗು. ಕಾಲಿಂಚು ಬಿಡುವು ಇದ್ದರೆ ನಿಶ್ಚಿಂತೆ.

ಇನ್ನೊಂದು ಸಣ್ಣ ವಿಷಯ. ಪಟ್ಟಿಯ ಒಳ ಅಂಚನ್ನ ತೋಪಡದಲ್ಲಿ ನಡುವೆ ಕಾಗದದಷ್ಟು ಹೆಚ್ಚು ಕೆತ್ತಿ. ನಡು ಎಳೆದು ಬಿಗಿದಾಗ ಎರಡು ತುದಿ ಗಟ್ಟಿಯಾಗಿ ಒತ್ತಿ ಕೂರುತ್ತೆ, ಬಾಯಿ ಬಿಡಲ್ಲ. ಬದಿಯ ನಾಲಿಗೆಗಳಿಗೆ ಮೇಣದ ಬತ್ತಿ ಉಜ್ಜಿ. ಇಲ್ಲದಿದ್ದರೆ ಪಾಲಿಷ್ ಒಳಗೆ ಇಳಿದು ಅಂಟಿಕೊಂಡು, ಗಮ್ ಹಾಕಿದಂತೆಯೇ ಆಗುತ್ತೆ.

ಹೀಗೆ ಮಾಡಿದರೂ ಪಟ್ಟಿ ಬೇಸಿಗೆಯಲ್ಲಿ ಒಂಚೂರು ಹೊರಗೆ, ಮಳೆಯಲ್ಲಿ ಒಂಚೂರು ಒಳಗೆ ಇರುತ್ತೆ. ಕೈ ಆಡಿಸಿದಾಗ ಗೊತ್ತಾಗುತ್ತೆ. ಅದು ತಪ್ಪಲ್ಲ, ಉಜ್ಜಿ ಸಮ ಮಾಡೋಕೆ ಹೋಗಬೇಡಿ. ಕಾಲಿನ ಚೌಕಟ್ಟಿಗೆ ಹಲಗೆ ಹಿಡಿಸುವಾಗಲೂ ಉದ್ದ ಮಾಡಿದ ತೂತಿನಲ್ಲೇ ಸ್ಕ್ರೂ ಹಾಕಿ.

ದಿಮ್ಮಿಯಿಂದ ಹಲಗೆ ಕೊಯ್ದು ಎಷ್ಟು ತಿಂಗಳಾಯ್ತು ಅಂತ ನೀವು ಬರೆದಿಲ್ಲ. ಇಂಚು ದಪ್ಪಕ್ಕೆ ಒಂದು ವರ್ಷ ನೆರಳಲ್ಲಿ ಒಣಗದಿದ್ದರೆ, ಪಟ್ಟಿ ಸದ್ಯಕ್ಕೆ ಪಕ್ಕಕ್ಕಿಡಿ.